ಕೂದಲೆಳೆಯಷ್ಟು ಮೊಂಡು

ಜೂನ್ ೩, ಸೋಮವಾರ

ಲ್ಯಾಬಿನ ಲಾಗ್ ಪುಸ್ತಕದಲ್ಲಿ ಸ್ವಂತ ವಿಚಾರ ಬರೆಯುವಂತಿಲ್ಲ ಎಂದು ಇಪ್ಪತ್ತೆರಡು ವರ್ಷದ ಹಿಂದೆ ನಿಯಮ ಮಾಡಿದವನು ನಾನೇ. ಹಾಗಾಗಿ ಇವತ್ತು ಬರುವ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಸುಮ್ಮನೆ ಕೂರುವ ಹೊತ್ತನ್ನು ಹೇಗಾದರೂ ಕಳೆಯಬೇಕಲ್ಲ.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂರುವುದೇ. ಆರು ಅಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ನೀರು. ಒಂದು ತುದಿಯಲ್ಲಿ ಕೊಳವೆ, ಕೊಳವೆಯೊಳಗೆ ಪಿಸ್ಟನ್. ಪಿಸ್ಟನ್ನನ್ನು ಬೆರಳುದ್ದ ತಟಕ್ಕನೆ ತಳ್ಳಿದರೆ ಕೆಂಪು ಬಣ್ಣದ ನೀರಿನ ಉಂಗುರವೊಂದು ತನ್ನಲ್ಲೇ ಸುಳಿಯುತ್ತ ಹೊರಟು, ನಡುವೆ ನಿಲ್ಲಿಸಿರುವ ಉಕ್ಕಿನ ತಗಡಿನ ಅಂಚಿಗೆ ಬಂದು ಬಡಿಯುತ್ತದೆ. ಅಂಚು ಅದನ್ನು ಎರಡಾಗಿ ಸೀಳುತ್ತದೆ. ಸೀಳಿದಾಗ ಅಂಚಿನಿಂದಲೇ ಒಂದು ಮರಿಸುಳಿ ಕಳಚಿಕೊಂಡು ಏಳುತ್ತದೆ. ದೊಡ್ಡದು ಈ ಕಡೆ ತಿರುಗಿದರೆ ಇದು ಆ ಕಡೆ. ಮರಿಸುಳಿ ಯಾವಾಗ ಹುಟ್ಟಿತು, ಎಲ್ಲಿಗೆ ಹೋಯಿತು ಎಂದು ಕ್ಯಾಮೆರಾದಲ್ಲಿ ಹಿಡಿಯಬೇಕು. ಇದೆಲ್ಲ ಸೇರಿ ಒಂದು ರನ್, ಮೂರು ಸೆಕೆಂಡು. ಅದಾದ ಮೇಲೆ ಬಾಗಿಲು ಹಾಕಿ, ಫ್ಯಾನ್ ಆರಿಸಿ, ನಲವತ್ತು ನಿಮಿಷ ಅಲುಗಾಡದೆ ಕೂರಬೇಕು. ನೀರು ಪೂರ್ತಿ ನಿಲ್ಲದೆ ಮುಂದಿನ ರನ್ ಇಲ್ಲ. ಮಾತಾಡಿದರೂ ಪಿಸುಮಾತು.

ಮೂರು ವರ್ಷ ಆ ನಲವತ್ತು ನಿಮಿಷಗಳಿಗೆ ಬಣ್ಣದಮ್ಮ ಇದ್ದರು. ಈ ಸುಳಿಗಳ ಸಂಶೋಧನೆ ಅವರದ್ದು. ಬೆರಳುಗಳಿಗೆ ಸದಾ ಕೆಂಪು ಮೆತ್ತಿಕೊಂಡಿರುತ್ತಿತ್ತು, ಅದಕ್ಕೇ ಲ್ಯಾಬಿನವರು ಇಟ್ಟ ಹೆಸರು. ಎದುರಿಗೆ ನಾನು ಮೇಡಂ ಅನ್ನುತ್ತಿದ್ದೆ. ಅವರು ನನ್ನನ್ನು ಟ್ಯಾಂಕ್ ಸಾಹೇಬ್ರೇ ಅನ್ನುತ್ತಿದ್ದರು, ಒಂಚೂರು ಚುಡಾಯಿಸುವ ದನಿಯಲ್ಲಿ. ಒಂಬತ್ತು ದಿನದ ಹಿಂದೆ ಬೇರೆ ಊರಿನ ಕೆಲಸಕ್ಕೆ ಹೊರಟುಹೋದರು. ಅಲ್ಲಿ ಅವರ ತಾಯಿ, ಏಳು ವರ್ಷದ ಮಗಳು ಇದ್ದಾರೆ. ಗಂಡ ತೀರಿಕೊಂಡ ಮೇಲೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು, ರಜೆಯಲ್ಲಷ್ಟೇ ಮುಖ ನೋಡಿದವರು. ಹೋಗಲೇಬೇಕಿತ್ತು. ಒಳ್ಳೆಯದೇ ಆಯಿತು.

ನನಗೂ ಹಾಯಾಗಿದೆ. ಬಣ್ಣದ ಶೀಶೆಗೆ ಮುಚ್ಚಳ ಹಾಕದೆ ಹೋಗುವವರಿಲ್ಲ, ನನ್ನ ಪೆನ್ನು ಎತ್ತಿಕೊಂಡು ತಮ್ಮ ಜಡೆಗೆ ಸಿಕ್ಕಿಸಿಕೊಳ್ಳುವವರಿಲ್ಲ. ಪೆನ್ನು ಇಟ್ಟ ಜಾಗದಲ್ಲೇ ಇರುತ್ತದೆ.

ಜೂನ್ ೬, ಗುರುವಾರ

ಊಟಕ್ಕೆ ಕೂತಾಗ ಅಕ್ಕ ಬೈದಳು. ಮನೆಯಲ್ಲಿರುವುದು ನಾವಿಬ್ಬರೇ. ಭಾವ ಹೋದ ಮೇಲೆ ಅವಳು ಬಂದು ನನ್ನ ಜೊತೆಗಿದ್ದಾಳೆ. ಮದುವೆಯಾಗದ ತಮ್ಮನನ್ನು ತಿದ್ದುವುದು ತನ್ನ ಹುಟ್ಟುಹಕ್ಕು ಎಂದು ತಿಳಿದಿದ್ದಾಳೆ.

"ಅದೇನು ಪಿಸಪಿಸ ಅಂತೀಯ? ಉಪ್ಪು ಕೇಳೋದಕ್ಕೂ ಗುಟ್ಟಾ? ಇಲ್ಲೇನು ನೀರು ಕಲಕಿಹೋಗಲ್ಲ ಕಣೋ, ಬಾಯಿಬಿಟ್ಟು ಮಾತಾಡು."

ನಾನು ಪಿಸುಗುಡುತ್ತಿದ್ದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಭ್ಯಾಸಬಲ.

ಜೂನ್ ೧೦, ಸೋಮವಾರ

ಬಣ್ಣದಮ್ಮನ ಫೋನ್ ಬಂತು. ಬೆಳಿಗ್ಗೆ ಹನ್ನೊಂದೂಕಾಲಿಗೆ. ರನ್ ಮುಗಿಸಿ ಕೂತಿದ್ದೆ. ಅವರಿಗೆ ನನ್ನ ವೇಳಾಪಟ್ಟಿ ಬಾಯಿಪಾಠ, ಸರಿಯಾಗಿ ಲೆಕ್ಕ ಹಾಕಿಯೇ ಮಾಡಿರಬೇಕು.

"ಟ್ಯಾಂಕ್ ಸಾಹೇಬ್ರೇ, ನೀರು ನಿಲ್ತಾ ಇದ್ಯಾ? ಎಷ್ಟು ನಿಮಿಷ ಇದೆ?"

"ಇಪ್ಪತ್ತಾರು ಇದೆ ಮೇಡಂ," ಎಂದೆ ಪಿಸುದನಿಯಲ್ಲಿ. ಅವರೂ ಆ ಕಡೆಯಿಂದ ಪಿಸುಗುಟ್ಟತೊಡಗಿದರು. ಆಮೇಲೆ ಇಬ್ಬರಿಗೂ ನಗು ಬಂತು, ಅಷ್ಟು ದೂರದಿಂದ ನೀರು ಹೇಗೆ ಕಲಕುತ್ತದೆ?

ಮಗಳ ಸುದ್ದಿಯೇ ಸುದ್ದಿ. ಮೊದಲ ವಾರ ಅವಳು ಅಮ್ಮನನ್ನು ನೆಂಟರ ಹಾಗೆ ನೋಡುತ್ತಿದ್ದಳಂತೆ, ನೀರು ಬೇಕಾ ಎಂದು ಕೇಳುತ್ತಿದ್ದಳಂತೆ. "ಈಗ ನಾನು ಬಚ್ಚಲಿಗೆ ಹೋದ್ರೂ ಬಾಗಿಲ ಹೊರಗೆ ನಿಂತು, ಅಮ್ಮಾ ಇದೀಯಾ, ಅಂತ ಕೂಗ್ತಾಳೆ. ಇದೀನಿ ಪುಟ್ಟಾ ಅಂದ್ರೆ, ಸರಿ ಅಂತ ಅಲ್ಲೇ ಕೂರ್ತಾಳೆ."

ಕೆಲಸ ಇನ್ನೂ ಕಾಯಂ ಆಗಿಲ್ಲ. ಜುಲೈ ಎಂಟಕ್ಕೆ ಅಲ್ಲಿನ ಸಮಿತಿಯ ಮುಂದೆ ನಮ್ಮ ನಲವತ್ತು ರನ್‌ಗಳ ಚಿತ್ರ ಇಟ್ಟು ಮಾತಾಡಬೇಕು. ಅವರು ತಲೆಯಾಡಿಸಿದರೆ ಕಾಯಂ, ಇಲ್ಲದಿದ್ದರೆ ಗಂಟುಮೂಟೆ. ಬಣ್ಣದಮ್ಮನಿಗೆ ಭಯವಿಲ್ಲ. ಸುಳಿ ಸೀಳಿದ ಕ್ಷಣವೇ ಮರಿಸುಳಿ ಹುಟ್ಟುತ್ತದೆ ಎಂದು ಎಲ್ಲರೂ ಬರೆದಿರುವುದು. ನಮ್ಮ ಚಿತ್ರಗಳಲ್ಲಿ ಅದು ತಡವಾಗಿ ಹುಟ್ಟುತ್ತದೆ, ಅರ್ಧ ಸುಳಿ ದಾಟಿ ಹೋದ ಮೇಲೆ. ಫೆಬ್ರವರಿಯಿಂದ ಮೇವರೆಗೆ ನಲವತ್ತು ಸಲ ಹಿಡಿದಿದ್ದೇವೆ. 'ನಮ್ಮ ತಡ' ಎಂದು ಅವರು ಅದಕ್ಕೆ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ನಮ್ಮ ಎಂದದ್ದು ಅವರ ದೊಡ್ಡತನ. ನಾನು ಪಿಸ್ಟನ್ ತಳ್ಳಿದವನು, ತಗಡಿನ ಅಂಚು ಕಾಯ್ದವನು, ಅಷ್ಟೇ.

ಫೋನ್ ಇಟ್ಟಾಗ ಐವತ್ತೊಂದು ನಿಮಿಷ ಆಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಒಂದು ರನ್ ತಡವಾಗಿ ಹೊರಟಿತು. ಲಾಗಿನಲ್ಲಿ 'ಕಾರಣ' ಎಂಬ ಜಾಗವನ್ನು ಖಾಲಿ ಬಿಟ್ಟೆ.

ಜೂನ್ ೧೪, ಶುಕ್ರವಾರ

ಮುಂದಿನ ವಾರ ಯಾರೋ ನೋಡಲು ಬರುತ್ತಾರಂತೆ. ಮುಖ್ಯಸ್ಥರು ಹೊಸ ತಗಡು ಹಾಕಿ, ಚೆನ್ನಾಗಿ ಕಾಣಲಿ ಎಂದರು. ಅವರಿಗೆ ಎಲ್ಲವೂ ಚೆನ್ನಾಗಿ ಕಾಣಬೇಕು. ಎರಡು ದಿನ ಕೂತು ಹೊಸ ತಗಡು ಕತ್ತರಿಸಿ, ಸಾಣೆಕಲ್ಲಿನ ಮೇಲೆ ಅಂಚು ತೀಡಿ, ಇವತ್ತು ಕೂರಿಸಿದೆ.

ಮೊದಲ ರನ್‌ನಲ್ಲೇ ಮರಿಸುಳಿ ತಟ್ಟನೆ ಎದ್ದಿತು. ಸೀಳಿದ್ದೂ ಅದು ಹುಟ್ಟಿದ್ದೂ ಒಂದೇ ಚಿತ್ರದಲ್ಲಿವೆ. ತಡ ಇಲ್ಲ.

ಕ್ಯಾಮೆರಾದ ಗಡಿಯಾರ ತಪ್ಪಿರಬೇಕು ಎಂದುಕೊಂಡು ಸರಿಮಾಡಿ ಮತ್ತೆ ಮಾಡಿದೆ. ಮತ್ತೆ ತಡ ಇಲ್ಲ. ಮೂರನೆಯ ಸಲವೂ ಇಲ್ಲ.

ಜೂನ್ ೧೫, ಶನಿವಾರ

ರಜೆಯಾದರೂ ಹೋದೆ. ಹಳೆಯ ತಗಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ನೋಡಿದ ಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಅಂಚು ಮೊಂಡಾಗಿದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಕೂದಲೆಳೆಯಷ್ಟು. ಆದರೆ ದುಂಡಗೆ, ನುಣ್ಣಗೆ, ತಿಕ್ಕಿ ತಿಕ್ಕಿ ಮಾಡಿದ ಮೊಂಡು. ತನ್ನಷ್ಟಕ್ಕೆ ಸವೆದದ್ದಲ್ಲ.

ತಿಕ್ಕಿದವನು ನಾನು.

ಫೆಬ್ರವರಿ ಆರು, ಲಾಗಿನಲ್ಲಿದೆ: 'ಒಂದು ರನ್ ರದ್ದು, ಕೈಗೆ ಗಾಯ.' ರನ್‌ಗೂ ರನ್‌ಗೂ ನಡುವೆ ತಗಡನ್ನು ಬಟ್ಟೆಯಿಂದ ಒರೆಸುವುದು ಬಣ್ಣದಮ್ಮನ ಕೆಲಸ. ಅವತ್ತು ಬೆರಳು ಅಂಚಿಗೆ ತಾಗಿ ಆಳವಾಗಿ ಕುಯ್ದುಕೊಂಡಿತು. ರಕ್ತ ನೀರಿಗೆ ಬಿದ್ದಿತು. ಅವರು ನಗುತ್ತ, "ನೋಡಿ, ಇವತ್ತು ಬಣ್ಣ ಉಳೀತು," ಎಂದರು. ನನಗೆ ಮಾತ್ರ ನಗು ಬರಲಿಲ್ಲ. ಅವರು ಪಟ್ಟಿ ಕಟ್ಟಿಸಿಕೊಳ್ಳಲು ಹೋದಾಗ ನುಣುಪು ಸ್ಯಾಂಡ್‌ಪೇಪರ್ ತೆಗೆದುಕೊಂಡು ಅಂಚಿನ ಮೇಲೆ ನಾಲ್ಕು ಸಲ ಎಳೆದೆ. ನಾಲ್ಕೇ. ಅದೇನು ಮಹಾ ಎಂದುಕೊಂಡೆ. ಆಮೇಲೆ ಪ್ರತಿ ಸೋಮವಾರ ಅವರು ಬರುವ ಮೊದಲು ಎರಡೆರಡು ಸಲ. ತಿಂಗಳಿಗೊಮ್ಮೆ ಹಿಡಿಯಬೇಕಾದ ಸಾಣೆಯನ್ನು ಹಿಡಿಯಲೇ ಇಲ್ಲ. ಲಾಗಿನಲ್ಲಿ ಪ್ರತಿ ವಾರ 'ಅಂಚು: ಸರಿ' ಎಂದು ರುಜು ಹಾಕಿದ್ದೇನೆ. ಹದಿನಾರು ರುಜುಗಳನ್ನು ಎಣಿಸಿದೆ.

ಮರಿಸುಳಿ ತಡವಾಗಿ ಹುಟ್ಟಿದ್ದು ಅಂಚು ಮೊಂಡಾಗಿದ್ದಕ್ಕೆ. 'ನಮ್ಮ ತಡ' ಪೂರ್ತಿ ನನ್ನದೇ.

ಜೂನ್ ೧೭, ಸೋಮವಾರ

ನಿನ್ನೆಯೆಲ್ಲ ಒಂದೇ ಯೋಚನೆ. ಬಣ್ಣದಮ್ಮನಿಗೆ ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಹೇಳದಿದ್ದರೆ ಸಮಿತಿಯಲ್ಲಿ ಯಾರಾದರೂ ತಿಳಿದವರು, ನಿಮ್ಮ ಅಂಚು ಎಷ್ಟು ಚೂಪು, ಎಂದು ಒಂದು ಪ್ರಶ್ನೆ ಕೇಳಿದರೆ ಮುಗಿಯಿತು. ಅವರ ಮುಖ ಹೇಗಾಗುತ್ತದೆ ಎಂದು ಊಹಿಸಲಾರೆ.

ಹೇಳಿದರೆ ಅವರು ಇಲ್ಲಿಗೆ ವಾಪಸು ಬರಬೇಕಾಗುತ್ತದೆ. ಇಂಥ ತೊಟ್ಟಿ ಅಲ್ಲಿಲ್ಲ. ನಲವತ್ತನ್ನೂ ಮೊದಲಿನಿಂದ ಮಾಡಬೇಕು. ಸಮಿತಿಯ ದಿನ ಮುಂದಕ್ಕೆ ಹಾಕಿಸಿಕೊಂಡು ಆರಾಮಾಗಿ ಮಾಡಿದರೆ ಎರಡು ತಿಂಗಳು. ಎರಡು ತಿಂಗಳು ಅವರು ತೊಟ್ಟಿಯ ಪಕ್ಕದ ತಮ್ಮ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತಿರುತ್ತಾರೆ.

ಇಷ್ಟು ಲೆಕ್ಕ ಹಾಕಿದವನಿಗೆ ಎದೆ ತುಂಬ ಹಿಗ್ಗಾಯಿತು. ಸುಳ್ಳು ಯಾಕೆ ಬರೆಯಲಿ, ಹಿಗ್ಗೇ. ಎದ್ದು ಅವರ ಸ್ಟೂಲನ್ನು ಒರೆಸಿದೆ, ಅದರ ಒಂದು ಕಾಲು ಅಲುಗಾಡುತ್ತಿತ್ತು, ಮೊಳೆ ಬಿಗಿಮಾಡಿದೆ. ಅಷ್ಟಾದ ಮೇಲೆ ಬಚ್ಚಲ ಬಾಗಿಲ ಹೊರಗೆ ಕೂತ ಹುಡುಗಿಯ ನೆನಪಾಯಿತು. ಥೂ ನನ್ನ ಜನ್ಮಕ್ಕೆ. ಒಂದು ಮಗುವಿನಿಂದ ತಾಯಿಯನ್ನು ಕಿತ್ತು ತರುವ ಸುದ್ದಿಗೆ ಸ್ಟೂಲು ಒರೆಸುತ್ತ ಕೂತಿದ್ದೇನೆ.

ಜೂನ್ ೧೮, ಮಂಗಳವಾರ

ಫೋನ್ ಎತ್ತಿಕೊಂಡೆ. ಇಟ್ಟೆ.

ಜೂನ್ ೨೦, ಗುರುವಾರ

ಅಕ್ಕನಿಗೆ ಹೇಳಿಬಿಟ್ಟೆ. ನಾಲ್ಕು ದಿನದಿಂದ ನನ್ನ ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿತ್ತು, ಅವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ತರಕಾರಿ ಹೆಚ್ಚುತ್ತ ಪೂರ್ತಿ ಕೇಳಿದಳು. ಸುಳಿ, ಮರಿಸುಳಿ, ಅಂಚು ಎಲ್ಲ ಹೇಳಿದೆ.

"ಅಂದ್ರೆ ಆ ಹೆಣ್ಣುಮಗಳ ಬೆರಳಿಗೆ ನೋವಾಗಬಾರದು ಅಂತ ನಿನ್ನ ತೊಟ್ಟೀನೇ ಕೆಡಿಸಿಬಿಟ್ಟೆ."

"ತೊಟ್ಟಿ ಕೆಟ್ಟಿಲ್ಲ ಅಕ್ಕಾ, ಅಂಚು..."

"ನನ್ನ ಕೈಗೆ ಈ ಚಾಕು ತಾಗಿ ಎಷ್ಟು ಸಲ ರಕ್ತ ಬಂದಿದೆ? ಒಂದು ದಿನ ಬಂದು ಇದನ್ನ ಮೊಂಡು ಮಾಡಿದ್ಯಾ?" ಎಂದು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅವಳೇ ಮೆತ್ತಗಾದಳು. "ಹೇಳು ಅವಳಿಗೆ. ಆದ್ರೆ ಹೇಳೋಕೆ ಮುಂಚೆ ಒಂದು ಮಾತು ನಿನ್ನನ್ನೇ ಕೇಳ್ಕೋ. ಅವಳಿಗೆ ತಿಳೀಲಿ ಅಂತ ಹೇಳ್ತೀಯೋ, ಅವಳು ಬರ್ಲಿ ಅಂತ ಹೇಳ್ತೀಯೋ?"

ಅದೆಲ್ಲ ಏನಿಲ್ಲ ಎಂದೆ. ಅವಳು ತರಕಾರಿ ಹೆಚ್ಚುತ್ತ ಹೋದಳು. ಅಕ್ಕನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ.

ಜೂನ್ ೨೧, ಶುಕ್ರವಾರ

ಮುಖ್ಯಸ್ಥರ ಕೋಣೆಗೆ ಹೋಗಿ ಲಾಗ್ ಪುಸ್ತಕ ತೆರೆದಿಟ್ಟು ಹದಿನಾರು ರುಜುಗಳನ್ನೂ ತೋರಿಸಿದೆ. ಇವು ಸುಳ್ಳು ಎಂದೆ. ಅವರು ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ತೆಗೆದರು.

"ನೀವಾ? ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ. ಯಾಕ್ರೀ ಹೀಗೆ ಮಾಡಿದ್ರಿ?"

ಕೈಗೆ ತಾಗುತ್ತಿತ್ತು ಎಂದೆ. ಯಾರ ಕೈಗೆ ಎಂದು ಅವರು ಕೇಳಲಿಲ್ಲ, ದೊಡ್ಡ ಉಪಕಾರ. ಹಗಲು ತೊಟ್ಟಿ ಬೇರೆಯವರಿಗೆ ಬೇಕು. ಬೆಳಿಗ್ಗೆ ಆರರಿಂದ ಹತ್ತರವರೆಗೆ ನನಗೆ ಕೊಡಿ, ಚೂಪು ಅಂಚಿನಲ್ಲಿ ನಲವತ್ತನ್ನೂ ನಾನೇ ಮತ್ತೆ ಮಾಡುತ್ತೇನೆ ಎಂದು ಕೇಳಿದೆ.

"ಮಾಡಿ. ಆದ್ರೆ ಆ ಮೇಡಂಗೆ ಮೊದಲು ಹೇಳಿ."

"ಕೈಯಲ್ಲಿ ಏನಾದ್ರೂ ಇಟ್ಕೊಂಡು ಹೇಳ್ತೀನಿ ಸಾರ್. ಬರಿಗೈಲಿ ಹೇಳಿದ್ರೆ ಅವರು ಮಾರನೇ ದಿನವೇ ಗಾಡಿ ಹತ್ತುತ್ತಾರೆ. ಅಲ್ಲಿ ಮಗು ಇದೆ."

ಅವರು ಲಾಗ್ ಪುಸ್ತಕ ಮುಚ್ಚಿದರು. "ಜುಲೈ ಒಂದು. ಅವತ್ತು ನೀವು ಹೇಳ್ದೆ ಇದ್ರೆ ನಾನು ಹೇಳ್ತೀನಿ," ಎಂದರು. ನನ್ನ ಮೇಲೆ ಕ್ರಮ ಆಗುತ್ತದಂತೆ. ಆಗಲಿ.

ಜೂನ್ ೨೩, ಭಾನುವಾರ

ಆರು ರನ್ ಆಯಿತು. ಅಂಚನ್ನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ತೆಗೆದು, ಆಮೇಲೆ ರುಜು ಹಾಕುತ್ತಿದ್ದೇನೆ. ತಗಡು ಒರೆಸುವಾಗ ಎಡಗೈ ಹೆಬ್ಬೆರಳು ಕುಯ್ದುಕೊಂಡೆ.

ಜೂನ್ ೨೬, ಬುಧವಾರ

ಹದಿನೈದು.

ಬೆಳಿಗ್ಗೆ ಆರು ಗಂಟೆಗೆ ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ತೊಟ್ಟಿಯ ನೀರಿನೊಳಗೆ ನಿಲ್ಲುತ್ತದೆ. ಉಂಗುರ ಹೊರಡುತ್ತದೆ, ಅಂಚಿಗೆ ಬರುತ್ತದೆ, ಸೀಳಿಹೋಗುತ್ತದೆ. ಬಣ್ಣದಮ್ಮ ಒಮ್ಮೆ ಹೇಳಿದ್ದರು, ಸುಳಿ ಅಂಚನ್ನು ನಿಜವಾಗಿ ಮುಟ್ಟುವುದೇ ಇಲ್ಲ, ನಡುವೆ ಒಂದು ಪದರ ನೀರು ಉಳಿದೇ ಇರುತ್ತದೆ, ಆ ಪದರವೇ ಸುರುಳಿ ಸುತ್ತಿ ಮರಿಸುಳಿಯಾಗುತ್ತದೆ ಎಂದು. ಆಗ ನಾನು ಹೂಂಗುಟ್ಟಿದ್ದೆ, ಅಷ್ಟೇ. ಅವರ ಮಾತಿಗಿಂತ ಅವರ ದನಿ ಕೇಳುತ್ತ ಕೂತಿದ್ದೆ ಅನ್ನುವುದು ನಿಜ. ಆ ದನಿ ಬೇಕು ಎನಿಸುತ್ತದೆ. ಪೆನ್ನು ಕಳೆಯಬೇಕು, ಹುಡುಕಬೇಕು, ಅದು ಅವರ ಜಡೆಯಲ್ಲಿ ಸಿಗಬೇಕು. ಐವತ್ತು ತುಂಬುವ ಹೊತ್ತಿಗೆ ಮನುಷ್ಯನಿಗೆ ಇಂಥ ಆಸೆ ಹುಟ್ಟಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ವಿಚಿತ್ರ ಕಂಡಿತು. ಹಳೆಯ ನಲವತ್ತರಲ್ಲಿ ತಡ ಒಂದೇ ಸಮನಾಗಿಲ್ಲ. ಫೆಬ್ರವರಿಯಲ್ಲಿ ಕಡಿಮೆ, ಮೇ ಹೊತ್ತಿಗೆ ಜಾಸ್ತಿ. ನಾನು ವಾರ ವಾರ ತಿಕ್ಕಿದ ಲೆಕ್ಕಕ್ಕೆ ಸರಿಯಾಗಿ ಏರುತ್ತ ಹೋಗಿದೆ. ಇದರಿಂದ ಅವರಿಗೇನಾದರೂ ಪ್ರಯೋಜನ ಇದ್ದೀತೇ? ಗೊತ್ತಿಲ್ಲ. ಎಷ್ಟು ಸಲ ತಿಕ್ಕಿದೆ, ಯಾವ ತಾರೀಖು, ಎಲ್ಲವನ್ನೂ ನೆನಪಿಸಿಕೊಂಡು ಪಟ್ಟಿ ಮಾಡಿದೆ.

ಜೂನ್ ೨೯, ಶನಿವಾರ

ಇಪ್ಪತ್ತೈದು. ಅಕ್ಕ ಬೆಳಿಗ್ಗೆ ಐದಕ್ಕೇ ಎದ್ದು ಡಬ್ಬಿ ಕಟ್ಟಿಕೊಟ್ಟಳು. ನನ್ನ ಹೆಬ್ಬೆರಳಿನ ಪಟ್ಟಿ ಬದಲಾಯಿಸಿದಳು.

ಜುಲೈ ೧, ಸೋಮವಾರ

ಮೂವತ್ತೊಂದು. ಬಣ್ಣದಮ್ಮನಿಗೆ ಪತ್ರ ಬರೆದು, ಮೂವತ್ತೊಂದರ ಚಿತ್ರಗಳನ್ನೂ, ತಿಕ್ಕಿದ ಪಟ್ಟಿಯನ್ನೂ, ಹಳೆಯ ಅಂಚಿನ ಫೋಟೊವನ್ನೂ ಸೇರಿಸಿ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಕಳಿಸಿದೆ. ಪತ್ರವನ್ನು ಏಳು ಸಲ ಬರೆದೆ. ಮೊದಲ ಸಲ ನಾಲ್ಕು ಪುಟ ಆಯಿತು, ಕೊನೆಯದು ಅರ್ಧ ಪುಟ. 'ಅಂಚನ್ನು ಮೊಂಡು ಮಾಡಿದವನು ನಾನು. ನಿಮಗೆ ತಿಳಿಸದೆ ಮಾಡಿದೆ, ಸರಿ ಎಂದು ಸುಳ್ಳು ರುಜು ಹಾಕಿದೆ. ನಿಮ್ಮದು ಏನೂ ತಪ್ಪಿಲ್ಲ ಎಂದು ಸಮಿತಿಗೆ ಬರೆದುಕೊಡಲು ಸಿದ್ಧ.' ಯಾಕೆ ಮಾಡಿದೆ ಎಂಬುದನ್ನು ಬರೆಯಲಿಲ್ಲ. ಅದನ್ನು ಬರೆದರೆ ಕ್ಷಮೆ ಕೇಳಿದ ಹಾಗಿರುವುದಿಲ್ಲ, ಬೇರೇನೋ ಕೇಳಿದ ಹಾಗಿರುತ್ತದೆ.

ಮುಖ್ಯಸ್ಥರಿಗೆ ಹೇಳಿದೆ, ಕಳಿಸಿದ್ದೇನೆ ಎಂದು. ಸರಿ ಎಂದರು.

ಸಂಜೆಯವರೆಗೆ ಉತ್ತರವಿಲ್ಲ.

ಜುಲೈ ೨, ಮಂಗಳವಾರ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು.

ಟ್ಯಾಂಕ್ ಸಾಹೇಬ್ರೇ ಎನ್ನಲಿಲ್ಲ. "ನಾಲ್ಕು ತಿಂಗಳು," ಎಂದರು. "ನಾಲ್ಕು ತಿಂಗಳು ನಾನು ಆ ತಗಡನ್ನ ದಿನಾ ಒರೆಸಿದೀನಿ. ನೀವು ಪಕ್ಕದಲ್ಲೇ ಕೂತು ನೋಡ್ತಿದ್ರಿ. ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು ಮೇಡಂ."

"ನಿನ್ನೆ ಮಧ್ಯಾಹ್ನದಿಂದ ನಿಮ್ಮ ಮೇಲೆ ಎಷ್ಟು ಕೋಪ ಬಂದಿತ್ತು ಗೊತ್ತಾ? ಊಟ ಮಾಡಿಲ್ಲ ನಾನು." ಉಸಿರು ಬಿಟ್ಟದ್ದು ಕೇಳಿಸಿತು. "ಆಮೇಲೆ ನಿಮ್ಮ ಪಟ್ಟಿ ನೋಡ್ದೆ. ತಿಕ್ಕಿದ ತಾರೀಖೆಲ್ಲ ಬರೆದಿದೀರಲ್ಲ, ಅದನ್ನ ತಡದ ಪಕ್ಕದಲ್ಲಿ ಇಟ್ಟು ನೋಡ್ದೆ. ಅಂಚು ಮೊಂಡಾದಷ್ಟೂ ಮರಿಸುಳಿ ತಡ. ಗೆರೆ ಎಳೆದ ಹಾಗೆ ಬರ್ತಿದೆ. ಇಷ್ಟು ಸಣ್ಣ ಮೊಂಡಿಗೆ ಇಷ್ಟು ತಡ ಅಂತ ನನಗೆ ತಿಳಿದ ಮಟ್ಟಿಗೆ ಯಾರೂ ತೋರಿಸಿಲ್ಲ. ನಾನು ಅಂದ್ಕೊಂಡ ವಿಷಯ ಅಲ್ಲ, ಆದ್ರೆ ವಿಷಯ ಇದೆ. ಚೂಪು ಅಂಚಿನ ನಲವತ್ತೂ ಪೂರ್ತಿ ಸಿಕ್ಕಿದ್ರೆ ಎಂಟನೇ ತಾರೀಖು ಧೈರ್ಯವಾಗಿ ನಿಂತ್ಕೋಬಹುದು."

ಹೂಂ ಎಂದೆ.

"ಯಾಕೆ ತಿಕ್ಕಿದ್ರಿ ಅಂತ ಬರೆದಿಲ್ಲ."

ನಾನು ಹೆಬ್ಬೆರಳಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಂಡೆ. ಕೊನೆಗೆ ಅವರೇ, "ಪಟ್ಟೀಲಿ ಮೊದಲ ತಾರೀಖು ಫೆಬ್ರವರಿ ಆರು. ನೋಡ್ದೆ, ಬಿಡಿ," ಎಂದರು. ದನಿ ಬೇರೆಯಾಗಿತ್ತು. "ಕೇಳಿ. ನಾನೇ ಬರ್ತೀನಿ. ಇವತ್ತು ಸಂಜೆ ಗಾಡಿ ಇದೆ. ಇಬ್ಬರೂ ಕೂತ್ರೆ ಉಳಿದದ್ದು ಮುಗಿಯತ್ತೆ, ನೇರ ಅಲ್ಲಿಂದಲೇ ಸಮಿತಿಗೆ ಬರ್ತೀನಿ. ನನಗೂ... ಇಲ್ಲಿ ನೀರು ನಿಲ್ಲೋಕೆ ಕಾಯೋ ಕೆಲಸ ಇಲ್ಲ. ಎಲ್ಲರೂ ಜೋರಾಗಿ ಮಾತಾಡ್ತಾರೆ. ಬರ್ಲಾ?"

ಅವರ ಹಿಂದೆ ಒಂದು ಮಗುವಿನ ದನಿ ಕೇಳಿತು. "ಎಲ್ಲಿಗಮ್ಮಾ? ಎಷ್ಟು ದಿನ?" ಅವರು ಫೋನಿಗೆ ಕೈ ಅಡ್ಡ ಇಟ್ಟು ಏನೋ ಹೇಳಿದರು. "ಆರು ದಿನ ಅಷ್ಟೇ ಪುಟ್ಟಾ" ಎಂದದ್ದು ಕೇಳಿಸಿತು. ಮಗು ಮತ್ತೇನೂ ಹೇಳಲಿಲ್ಲ. ಅತ್ತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬನ್ನಿ ಎನ್ನುವುದಕ್ಕೆ ಬಾಯಿ ತೆರೆದೇ ಇತ್ತು.

"ಬೇಡ ಮೇಡಂ," ಎಂದೆ. "ಎಲ್ಲಾ ಮುಗಿದಿದೆ."

"ಮುಗಿದಿದ್ಯಾ? ನಿನ್ನೆ ಮೂವತ್ತೊಂದು ಅಂತ ಬರೆದಿದ್ರಲ್ಲ."

"ಕಳಿಸಿದ್ದು ಮೂವತ್ತೊಂದು. ಉಳಿದ ಒಂಬತ್ತೂ ಆಗಿದೆ, ಚಿತ್ರ ಸರಿಮಾಡೋದಷ್ಟೇ ಬಾಕಿ. ಗುರುವಾರ ಕಳಿಸ್ತೀನಿ. ನೀವು ಬಂದ್ರೂ ಇಲ್ಲಿ ಮಾಡೋಕೆ ಏನೂ ಕೆಲಸ ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಮೇಡಂ."

"ಸರಿ ಹಾಗಾದ್ರೆ, ಟ್ಯಾಂಕ್ ಸಾಹೇಬ್ರೇ," ಎಂದರು. ಇಟ್ಟುಬಿಟ್ಟರು.

ಆಗಿರುವುದು ಮೂವತ್ತೊಂದೇ. ಗುರುವಾರದೊಳಗೆ ಇನ್ನೂ ಒಂಬತ್ತು ಮಾಡಬೇಕು.